ಓದುಗರೇ ಇಡುವ ಹೆಸರು: ಟ್ಯಾಗ್‌ಗಳು ಮತ್ತು ಮಲೆನಾಡಿನ ಮಾಹಿತಿ

ಇನ್‌ಸ್ಟಾಗ್ರಾಮ್‌ನಲ್ಲಿ ಆಗುಂಬೆ ಎಂಬ ಹ್ಯಾಶ್‌ಟ್ಯಾಗನ್ನು ತೆರೆದರೆ ಮಳೆಯಲ್ಲಿ ತೊಯ್ದ ಘಾಟಿಯ ತಿರುವು, ಮಂಜು, ಸೂರ್ಯಾಸ್ತ, ಬೈಕಿಗೆ ಒರಗಿ ನಿಂತ ಗೆಳೆಯರು, ಇವೇ ಸಾಲುಸಾಲಾಗಿ ಬರುತ್ತವೆ. ಅದೇ ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳ ಅಡಿಕೆ ತೋಟಗಳನ್ನು ಕೆಲವು ವರ್ಷಗಳಿಂದ ಎಲೆಚುಕ್ಕೆ ರೋಗ ಕಾಡುತ್ತಿದೆ. ರೋಗ ತಗುಲಿದ ಸೋಗೆಯ ಚಿತ್ರ ತೆಗೆದು ಜಾಲದಲ್ಲಿ ಹಾಕಿದ ಬೆಳೆಗಾರರೂ ಇದ್ದಾರೆ. ಆದರೆ ಆ ಚಿತ್ರಗಳು ಹುಡುಕುವವರ ಕಣ್ಣಿಗೆ ಬೀಳುವುದು ಕಷ್ಟ. ಹಾಕಿದವರು ಬರೆದ ಪದ ಒಂದು, ಹುಡುಕುವವರು ಬರೆಯುವ ಪದ ಇನ್ನೊಂದು. ಎಷ್ಟೋ ಸಲ ಚಿತ್ರದ ಕೆಳಗೆ ಪದವೇ ಇರುವುದಿಲ್ಲ. ಮಾಹಿತಿ ಇದ್ದೂ ಇಲ್ಲದಂತಾಗುವುದು ಹೀಗೆ.

ನಾನು ಸಾಗರ ಸೀಮೆಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಪುಸ್ತಕದ ವಿಷಯವನ್ನು ಗುರುತಿಸಿ, ಅದಕ್ಕೊಂದು ವರ್ಗೀಕರಣ ಸಂಖ್ಯೆ ಕೊಟ್ಟು, ಕಪಾಟಿನಲ್ಲಿ ಅದರ ಜಾಗವನ್ನು ಗೊತ್ತುಮಾಡುವುದು ನಮ್ಮ ವೃತ್ತಿಯ ಮೂಲ ಕೆಲಸ. ಯಾವ ತರಬೇತಿಯೂ ಇಲ್ಲದ ಲಕ್ಷಾಂತರ ಜನ ತಮಗೆ ತೋಚಿದ ಪದಗಳಿಂದಲೇ ಜಾಲದ ಮಾಹಿತಿಯನ್ನು ವಿಂಗಡಿಸತೊಡಗಿದಾಗ ಈ ವೃತ್ತಿಯ ಹಲವರು ಅದನ್ನು ಅವ್ಯವಸ್ಥೆ ಎಂದು ಕರೆದರು. ನಾನು ಹಾಗೆ ಭಾವಿಸುವುದಿಲ್ಲ. ಟ್ಯಾಗ್‌ಗಳು ಒಂದು ನಿಜವಾದ ವ್ಯವಸ್ಥೆಯನ್ನು ಕಟ್ಟಬಲ್ಲವು ಎಂಬುದಕ್ಕೆ ಸಾಕಷ್ಟು ಆಧಾರವಿದೆ. ಆದರೆ ಆ ವ್ಯವಸ್ಥೆ ಯಾವ ಸ್ಥಿತಿಯಲ್ಲಿ ಮೂಡುತ್ತದೆ, ಯಾವ ಸ್ಥಿತಿಯಲ್ಲಿ ಕೆಡುತ್ತದೆ ಎಂಬುದನ್ನು ನಾವು, ಅದರಲ್ಲೂ ಕನ್ನಡದಲ್ಲಿ ಬರೆಯುವವರು, ಗಮನವಿಟ್ಟು ನೋಡಬೇಕು ಎಂಬುದು ನನ್ನ ಒತ್ತಾಯ. (ಫೇಸ್‌ಬುಕ್ಕಿನಲ್ಲಿ ಗೆಳೆಯರ ಹೆಸರನ್ನು ಚಿತ್ರಕ್ಕೆ ಜೋಡಿಸುವುದನ್ನೂ ಟ್ಯಾಗ್ ಮಾಡುವುದು ಎನ್ನುತ್ತೇವೆ; ಇಲ್ಲಿ ಅದರ ಮಾತಿಲ್ಲ. ವಿಷಯವನ್ನು ಸೂಚಿಸಲು ಬಳಕೆದಾರರು ಬರೆಯುವ ಪದಗಳ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ.)

2003ರಲ್ಲಿ ಜೋಶುವಾ ಶಾಕ್ಟರ್ ಎಂಬುವರು ಡೆಲಿಶಿಯಸ್ ಎಂಬ ತಾಣವನ್ನು ಆರಂಭಿಸಿದರು. ಮೆಚ್ಚಿದ ಜಾಲಪುಟಗಳ ವಿಳಾಸವನ್ನು ಅಲ್ಲಿ ಉಳಿಸಿಕೊಳ್ಳಬಹುದಿತ್ತು. ಉಳಿಸುವಾಗ ಒಂದು ಖಾಲಿ ಚೌಕದಲ್ಲಿ, ಮುಂದೆ ಈ ಪುಟವನ್ನು ತಾನು ಯಾವ ಪದಗಳಿಂದ ನೆನಪಿಸಿಕೊಳ್ಳಬಹುದೋ ಆ ಪದಗಳನ್ನು ಬರೆಯಬಹುದಿತ್ತು. ಆಯ್ದುಕೊಳ್ಳಲು ಸಿದ್ಧಪಟ್ಟಿಯಿರಲಿಲ್ಲ, ಮೇಲಿನ ವರ್ಗ ಕೆಳಗಿನ ವರ್ಗ ಎಂಬ ಶ್ರೇಣಿಯಿರಲಿಲ್ಲ, ತಪ್ಪು ಸರಿ ಹೇಳುವವರೂ ಇರಲಿಲ್ಲ. ಮರುವರ್ಷ ಬಂದ ಫ್ಲಿಕರ್ ಛಾಯಾಚಿತ್ರಗಳಿಗೆ ಇದೇ ಸೌಲಭ್ಯವನ್ನು ಕೊಟ್ಟಿತು. ಅದೇ 2004ರಲ್ಲಿ ಥಾಮಸ್ ವಾಂಡರ್ ವಾಲ್ ಈ ಬಗೆಯ ವಿಂಗಡಣೆಗೆ ಫೋಕ್ಸಾನಮಿ ಎಂಬ ಹೆಸರು ಕೊಟ್ಟರು. ಜನವರ್ಗೀಕರಣ ಎಂದು ಇದನ್ನು ಕನ್ನಡದಲ್ಲಿ ಕರೆದರೆ ಅರ್ಥಕ್ಕೆ ಮೋಸವಾಗುವುದಿಲ್ಲ.

ಇದರಲ್ಲಿ ಹೊಸದೇನಿತ್ತು ಎಂಬುದು ಗ್ರಂಥಾಲಯದ ಕಪಾಟಿನ ಎದುರು ನಿಂತಾಗ ಚೆನ್ನಾಗಿ ತಿಳಿಯುತ್ತದೆ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣವನ್ನೇ ಇಂದಿಗೂ ನಮ್ಮ ಹೆಚ್ಚಿನ ಕಾಲೇಜು ಗ್ರಂಥಾಲಯಗಳು ಬಳಸುತ್ತವೆ. ಅದರಲ್ಲಿ ಇಡೀ ಜ್ಞಾನವನ್ನು ಹತ್ತು ಮುಖ್ಯ ವರ್ಗಗಳಾಗಿ, ಪ್ರತಿಯೊಂದನ್ನೂ ಮತ್ತೆ ಹತ್ತಾಗಿ ಒಡೆಯುತ್ತಾ ಹೋಗುತ್ತಾರೆ. ಧರ್ಮಕ್ಕೆ ಮೀಸಲಾದ 200ರ ವರ್ಗದಲ್ಲಿ 220ರಿಂದ 289ರವರೆಗಿನ ಜಾಗವೆಲ್ಲ ಬೈಬಲ್ಲಿಗೂ ಕ್ರೈಸ್ತಧರ್ಮಕ್ಕೂ ಹೋಗಿದೆ. ಜಗತ್ತಿನ ಉಳಿದ ಧರ್ಮಗಳೆಲ್ಲ 290ರಲ್ಲಿ ಒತ್ತಿಕೊಂಡು ಕುಳಿತಿವೆ. ಕನ್ನಡ ಸಾಹಿತ್ಯದ ಸಂಖ್ಯೆ 894.814. ಸಾವಿರ ವರ್ಷ ದಾಟಿದ ಸಾಹಿತ್ಯವೊಂದು ಮೂರು ದಶಮಾಂಶ ಸ್ಥಾನ ದಾಟಿದ ಮೇಲೆ ಸಿಗುತ್ತದೆ ಎಂಬುದರಲ್ಲಿ ಡ್ಯೂಯಿಯ ದುರುದ್ದೇಶವನ್ನು ಹುಡುಕಬೇಕಾಗಿಲ್ಲ. ವರ್ಗೀಕರಿಸುವವರು ನಿಂತ ಜಾಗದಿಂದ ಯಾವುದು ಹತ್ತಿರ, ಯಾವುದು ದೂರ ಎಂಬುದು ಯಾವ ಯೋಜನೆಯಲ್ಲಾದರೂ ಇದ್ದೇ ಇರುತ್ತದೆ.

ಇನ್ನೊಂದು ತೊಡಕು ಭೌತಿಕವಾದದ್ದು. ಪುಸ್ತಕ ಒಂದೇ ಪ್ರತಿಯಿದ್ದರೆ ಅದು ಒಂದೇ ಜಾಗದಲ್ಲಿರಬೇಕು. ಶರಾವತಿ ಕಣಿವೆಯಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಊರುಗಳ ಬಗ್ಗೆ ಒಂದು ಪುಸ್ತಕ ಬಂದರೆ ಅದನ್ನು ಇತಿಹಾಸದಲ್ಲಿಡಬೇಕೆ, ಸಮಾಜಶಾಸ್ತ್ರದಲ್ಲಿಡಬೇಕೆ, ಜಲವಿದ್ಯುತ್ತಿನ ಜೊತೆಗಿಡಬೇಕೆ? ಎಲ್ಲಿಟ್ಟರೂ ಉಳಿದೆರಡು ಕಡೆ ಹುಡುಕಿದವರು ಬರಿಗೈಯಲ್ಲಿ ಹಿಂದಿರುಗುತ್ತಾರೆ. ಈ ತೊಡಕನ್ನು ಬಹಳ ಆಳವಾಗಿ ಯೋಚಿಸಿದವರು ನಮ್ಮವರೇ ಆದ ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದರು, ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಒಂದು ವಿಷಯವನ್ನು ಒಂದೇ ಗೂಡಿಗೆ ತಳ್ಳುವ ಬದಲು ಅದರ ಮುಖಗಳನ್ನು ಬೇರೆಬೇರೆಯಾಗಿ ಗುರುತಿಸಿ, ಆಮೇಲೆ ಜೋಡಿಸಬೇಕು ಎಂದು ಅವರು ಹೇಳಿದರು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳು ಅವರ ಪದ್ಧತಿಯ ಅಡಿಗಲ್ಲು. ಮುಳುಗಡೆಯ ಪುಸ್ತಕಕ್ಕೆ ಶರಾವತಿ, ಪುನರ್ವಸತಿ, ಅಣೆಕಟ್ಟು, ಸಾಗರ, 1964 ಎಂದು ಟ್ಯಾಗ್ ಬರೆಯುವ ಓದುಗರು ರಂಗನಾಥನ್ ಅವರ ಹೆಸರನ್ನು ಕೇಳಿಲ್ಲದಿರಬಹುದು. ಆದರೂ ಅವರು ಮಾಡುತ್ತಿರುವುದು ವಿಷಯದ ಮುಖಗಳನ್ನು ಬಿಡಿಸುವ ಕೆಲಸವನ್ನೇ. ವ್ಯತ್ಯಾಸವೆಂದರೆ ರಂಗನಾಥನ್ ಅವರ ಮುಖಗಳಿಗೆ ಒಂದು ನಿಶ್ಚಿತ ಕ್ರಮವಿದೆ, ಟ್ಯಾಗ್‌ಗಳಿಗೆ ಯಾವ ಕ್ರಮವೂ ಇಲ್ಲ. ಎಲ್ಲವೂ ಒಂದೇ ಮಟ್ಟದಲ್ಲಿ ನಿಲ್ಲುತ್ತವೆ.

ಕ್ರಮವಿಲ್ಲದ ಈ ಪದರಾಶಿ ನಿಷ್ಪ್ರಯೋಜಕವಾಗದೆ ಉಳಿಯುವುದು ಹೇಗೆ ಎಂಬ ಪ್ರಶ್ನೆ ಸಹಜ. 1987ರಲ್ಲಿ ಜಾರ್ಜ್ ಫರ್ನಸ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೊಂದು, ಒಂದೇ ವಸ್ತುವಿಗೆ ಇಬ್ಬರು ತಮ್ಮಷ್ಟಕ್ಕೆ ಹೆಸರಿಟ್ಟರೆ ಆ ಹೆಸರು ಒಂದೇ ಆಗಿರುವ ಸಂಭವ ಶೇಕಡಾ 20ಕ್ಕಿಂತ ಕಡಿಮೆ ಎಂದು ತೋರಿಸಿತ್ತು. ಇದನ್ನು ಓದಿದವರಿಗೆ ಟ್ಯಾಗ್‌ಗಳ ಮೇಲೆ ನಂಬಿಕೆ ಬರುವುದು ಕಷ್ಟ. ಆದರೆ ಸ್ಕಾಟ್ ಗೋಲ್ಡರ್ ಮತ್ತು ಬರ್ನಾರ್ಡೊ ಹುಬರ್‌ಮನ್ ಡೆಲಿಶಿಯಸ್ ತಾಣದ ದತ್ತಾಂಶವನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇನ್ನೊಂದು ಸಂಗತಿ ಹೊರಬಂತು. ಒಂದೇ ಪುಟವನ್ನು ಹೆಚ್ಚು ಹೆಚ್ಚು ಜನ ಉಳಿಸಿಕೊಳ್ಳುತ್ತಾ ಹೋದಂತೆ ಮೊದಲಲ್ಲಿ ಟ್ಯಾಗ್‌ಗಳ ಪ್ರಮಾಣ ಏರುಪೇರಾಗುತ್ತದೆ, ಆದರೆ ಸುಮಾರು ನೂರು ಜನ ಉಳಿಸಿಕೊಳ್ಳುವ ಹೊತ್ತಿಗೆ ಯಾವ ಪದಕ್ಕೆ ಎಷ್ಟು ಪಾಲು ಎಂಬುದು ಒಂದು ಸ್ಥಿರವಾದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ನಾಲ್ಕಾರು ಪದಗಳು ಮುಂದೆ ಬರುತ್ತವೆ, ಉಳಿದವು ಉದ್ದದ ಬಾಲವಾಗಿ ಹಿಂದೆ ಉಳಿಯುತ್ತವೆ. ಯಾರೂ ಸಭೆ ಸೇರಿ ಒಪ್ಪಿಕೊಂಡದ್ದಲ್ಲ. ಪ್ರತಿಯೊಬ್ಬರೂ ತಮ್ಮ ನೆನಪಿಗಾಗಿ ಬರೆದುಕೊಂಡದ್ದು, ಮತ್ತು ಒಂದಿಷ್ಟು ಮಟ್ಟಿಗೆ ಮುಂಚೆ ಬಂದವರು ಬರೆದದ್ದನ್ನು ನೋಡಿ ಬರೆದದ್ದು. ಇಬ್ಬರ ನಡುವೆ ಹೊಂದಿಕೆಯಿಲ್ಲದಿದ್ದರೂ ನೂರು ಜನರ ನಡುವೆ ಹೊಂದಿಕೆ ಮೂಡುತ್ತದೆ ಎಂಬ ಈ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ತಿಳಿಯುತ್ತೇನೆ.

ಜನ ಬರೆಯುವ ಪದಗಳು ಎಷ್ಟು ಬಗೆಯವು ಎಂಬುದನ್ನೂ ಆ ಲೇಖನ ಪಟ್ಟಿಮಾಡಿತ್ತು: ವಿಷಯ ಏನು, ವಸ್ತು ಯಾವ ಜಾತಿಯದು, ಯಾರದು, ಅದರ ಗುಣವೇನು, ನನಗೂ ಅದಕ್ಕೂ ಏನು ಸಂಬಂಧ, ಅದರಿಂದ ಯಾವ ಕೆಲಸವಾಗಬೇಕು. ಇದನ್ನು ಓದುವಾಗ ನನಗೆ ನಮ್ಮ ಕಡೆಯ ಅಪ್ಪೆಮಿಡಿಯ ಹೆಸರುಗಳು ಕಣ್ಣೆದುರಿಗೆ ಬಂದವು. ಜೀರಿಗೆ ಮಿಡಿ ಎಂಬ ಹೆಸರಿನಲ್ಲಿ ಸೊನೆಯ ಪರಿಮಳವಿದೆ, ಅನಂತಭಟ್ಟನ ಅಪ್ಪೆ ಎಂಬುದರಲ್ಲಿ ಒಬ್ಬ ವ್ಯಕ್ತಿಯಿದ್ದಾನೆ, ಇನ್ನು ಎಷ್ಟೋ ತಳಿಗಳಿಗೆ ಮರ ನಿಂತ ಊರಿನ ಹೆಸರೇ ಹೆಸರು. ತೋಟಗಾರಿಕೆಯ ದಾಖಲೆಯಲ್ಲಿ ಇವೆಲ್ಲ ಮಾವಿನ ಒಂದೇ ಪ್ರಭೇದದ ಒಳಗೆ ಬರುತ್ತವೆ, ಹಾಗೆ ಬರುವುದು ಸರಿಯೂ ಹೌದು. ಆದರೆ ಉಪ್ಪಿನಕಾಯಿ ಹಾಕುವವರಿಗೆ ಬೇಕಾದದ್ದು ಪ್ರಭೇದದ ಹೆಸರಲ್ಲ. ಸೊನೆ ಎಷ್ಟು ಪರಿಮಳದ್ದು, ಮಿಡಿ ಎಷ್ಟು ಕಾಲ ಗಟ್ಟಿಯಾಗಿ ಉಳಿಯುತ್ತದೆ, ಯಾವ ಹೊಳೆಯ ದಂಡೆಯ ಮರದ್ದು ಎಂಬ ವಿವರ. ಮಿಡಿಯ ಕಾಲದಲ್ಲಿ ಜಾಲಕ್ಕೆ ಬರುವ ಚಿತ್ರಗಳ ಕೆಳಗೆ ನಮ್ಮ ಹೆಂಗಸರು ಬರೆಯುವುದು ಈ ವಿವರವನ್ನೇ. ಅಂಥ ಪದಗಳನ್ನು ಯಾವ ವರ್ಗೀಕರಣ ಸಮಿತಿಯೂ ಮುಂಚಿತವಾಗಿ ಊಹಿಸಲಾರದು. ಸೀತಾಳೆ ದಂಡೆ ಎಂದು ಹುಡುಕುವವರಿಗೆ ಆರ್ಕಿಡ್ ಎಂದು ಬರೆದ ಚಿತ್ರ ಸಿಗುವುದಿಲ್ಲ, ಆರ್ಕಿಡ್ ಎಂದು ಹುಡುಕುವವರಿಗೆ ಸೀತಾಳೆ ದಂಡೆ ಎಂದು ಬರೆದ ಚಿತ್ರವೂ ಸಿಗುವುದಿಲ್ಲ. ಎರಡನ್ನೂ ಬರೆದವರ ಒಂದು ಚಿತ್ರ ಈ ಇಬ್ಬರನ್ನೂ ಒಂದೆಡೆಗೆ ತರುತ್ತದೆ.

ಜನರ ಪದ ಶಾಸ್ತ್ರದ ಒಳಗೆ ಹೋಗಿ ನಿಂತದ್ದಕ್ಕೆ ನಮ್ಮಲ್ಲೇ ಹಳೆಯ ನಿದರ್ಶನವಿದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮಲೆನಾಡಿನ ಅಡಿಕೆಯ ರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದಾಗ ಅದನ್ನು ಬೆಳೆಗಾರರ ಮಾತಿನಲ್ಲೇ ಕೊಳೆರೋಗ ಎಂದು ಕರೆದರು. ಇಂಗ್ಲಿಷಿನಲ್ಲಿ ಬರೆಯುವ ಸಸ್ಯರೋಗ ವಿಜ್ಞಾನಿಗಳು ಇಂದಿಗೂ ಆ ಪದವನ್ನು ಬಳಸುತ್ತಾರೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಹುಡುಕುವ ಇಂದಿನ ಬೆಳೆಗಾರರಿಗೆ ಆ ಕಾಲದ ವರದಿಯನ್ನು ತಲುಪಿಸಬಲ್ಲ ಕೊಂಡಿ ಈ ಒಂದು ಪದವೇ.

ಇಷ್ಟು ಹೇಳಿದ ಮೇಲೆ ವಾಂಡರ್ ವಾಲ್ ಮಾಡಿದ ಒಂದು ಭೇದವನ್ನು ವಿವರಿಸಲೇಬೇಕು, ಏಕೆಂದರೆ ನನ್ನ ಮಾತಿನ ತಿರುಳು ಅಲ್ಲಿದೆ. ಡೆಲಿಶಿಯಸ್‌ನಲ್ಲಿ ಒಂದೇ ಪುಟಕ್ಕೆ ಸಾವಿರ ಜನ ಟ್ಯಾಗ್ ಬರೆಯುತ್ತಿದ್ದರು. ಇದನ್ನು ಅವರು ವಿಶಾಲ ಜನವರ್ಗೀಕರಣ ಎಂದರು. ಫ್ಲಿಕರ್‌ನಲ್ಲಿ ಒಂದು ಚಿತ್ರಕ್ಕೆ ಬಹುಮಟ್ಟಿಗೆ ಅದನ್ನು ಹಾಕಿದವರೇ ಟ್ಯಾಗ್ ಬರೆಯುತ್ತಾರೆ. ಇದು ಸಂಕುಚಿತ ಜನವರ್ಗೀಕರಣ. ಮೇಲೆ ಹೇಳಿದ ಸ್ಥಿರತೆ ಮೂಡುವುದು ಮೊದಲನೆಯದರಲ್ಲಿ. ಎರಡನೆಯದರಲ್ಲಿ ಒಬ್ಬರ ಪದವನ್ನು ಇನ್ನೊಬ್ಬರ ಪದ ತೂಗಿನೋಡುವುದಿಲ್ಲ. ಇನ್‌ಸ್ಟಾಗ್ರಾಮ್, ಯೂಟ್ಯೂಬ್, ಎಕ್ಸ್ ಮುಂತಾಗಿ ಇಂದು ನಾವು ಬಳಸುವ ಬಹುತೇಕ ತಾಣಗಳು ಎರಡನೆಯ ಬಗೆಯವು. ಕೊಳೆರೋಗದ ಒಂದು ಒಳ್ಳೆಯ ವೀಡಿಯೊವನ್ನು ಸಾವಿರಾರು ಬೆಳೆಗಾರರು ನೋಡುತ್ತಾರೆ, ಆದರೆ ಅದಕ್ಕೆ ಹೆಸರಿಡುವ ಅಧಿಕಾರ ಹಾಕಿದವರೊಬ್ಬರಿಗೇ. ನೋಡಿದ ಸಾವಿರ ಜನರ ತಿಳಿವಳಿಕೆ ಎಲ್ಲಿಯೂ ದಾಖಲಾಗುವುದಿಲ್ಲ. ಇದನ್ನು ನಾನು ದೊಡ್ಡ ನಷ್ಟವೆಂದು ಭಾವಿಸುತ್ತೇನೆ.

ಹ್ಯಾಶ್‌ಟ್ಯಾಗಿನ ಕಥೆ ಈ ತಿರುವನ್ನು ಇನ್ನಷ್ಟು ಬಲಪಡಿಸಿತು. 2007ರ ಆಗಸ್ಟ್ 23ರಂದು ಕ್ರಿಸ್ ಮೆಸ್ಸಿನಾ ಟ್ವಿಟರ್‌ನಲ್ಲಿ ಗುಂಪುಗಳನ್ನು ಸೂಚಿಸಲು # ಚಿಹ್ನೆಯನ್ನು ಬಳಸೋಣವೆ ಎಂದು ಕೇಳಿದರು. ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ಬೆಂಕಿಯ ಸುದ್ದಿಯನ್ನು ಒಟ್ಟುಗೂಡಿಸಲು ಜನ ಅದನ್ನು ಬಳಸಿದರು. 2009ರಲ್ಲಿ ಟ್ವಿಟರ್ ಹ್ಯಾಶ್‌ಟ್ಯಾಗನ್ನು ಒತ್ತಿದರೆ ಹುಡುಕಾಟದ ಪುಟ ತೆರೆಯುವಂತೆ ಮಾಡಿತು, 2011ರಲ್ಲಿ ಇನ್‌ಸ್ಟಾಗ್ರಾಮ್, 2013ರಲ್ಲಿ ಫೇಸ್‌ಬುಕ್ ಅದನ್ನು ಅಳವಡಿಸಿಕೊಂಡವು. ಆಪತ್ತಿನ ಹೊತ್ತಿನಲ್ಲಿ ಇದರ ಬೆಲೆ ಎಷ್ಟು ಎಂಬುದನ್ನು 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ನಾವೂ ಕಂಡೆವು. ಆದರೆ ಆಗ ಎದ್ದು ಕಂಡ ಟ್ಯಾಗ್‌ಗಳು ಇಡೀ ರಾಜ್ಯದ ಪ್ರವಾಹದ ಹೆಸರಿನವು. ಬೆಳಗಾವಿಯ ಕೋರಿಕೆಯೂ ಕೊಡಗಿನ ಕೋರಿಕೆಯೂ ಶಿವಮೊಗ್ಗದ ಕೋರಿಕೆಯೂ ಒಂದೇ ಸಾಲಿನಲ್ಲಿ ಬಂದು, ಯಾವ ಬೀದಿಗೆ ದೋಣಿ ಬೇಕು ಎಂದು ಹುಡುಕುವವರಿಗೆ ಆ ಸಾಲಿನಿಂದ ಹೆಚ್ಚು ಸಹಾಯವಾಗುವಂತಿರಲಿಲ್ಲ. ಊರಿನ ಹೆಸರು, ಬಡಾವಣೆಯ ಹೆಸರು, ಬೇಕಾದ ನೆರವು, ಈ ಮೂರನ್ನೂ ಬೇರೆಬೇರೆ ಟ್ಯಾಗ್‌ಗಳಾಗಿ ಬರೆಯುವ ಅಭ್ಯಾಸ ಮುಂಚಿತವಾಗಿಯೇ ಇದ್ದರೆ ಮಾತ್ರ ಅಂಥ ಹೊತ್ತಿಗೆ ಒದಗುತ್ತದೆ.

ಆಪತ್ತಿಲ್ಲದ ದಿನಗಳಲ್ಲಿ ಹ್ಯಾಶ್‌ಟ್ಯಾಗಿನ ಉದ್ದೇಶವೇ ಬದಲಾಯಿತು. ಡೆಲಿಶಿಯಸ್ ಬಳಸಿದವರು ತಾವು ಮತ್ತೆ ಹುಡುಕಿಕೊಳ್ಳಲೆಂದು ಪದ ಬರೆಯುತ್ತಿದ್ದರು. ಇಂದು ಅಪರಿಚಿತರ ಕಣ್ಣಿಗೆ ಬೀಳಲೆಂದು ಬರೆಯುತ್ತೇವೆ. ಒಂದು ಚಿತ್ರಕ್ಕೆ ಮೂವತ್ತು ಹ್ಯಾಶ್‌ಟ್ಯಾಗ್‌ಗಳವರೆಗೆ ಇನ್‌ಸ್ಟಾಗ್ರಾಮ್ ಬಹುಕಾಲ ಅವಕಾಶ ಕೊಟ್ಟಿತ್ತು, ಮೂವತ್ತನ್ನೂ ತುಂಬಿಸುತ್ತಿದ್ದವರು ಬಹಳ. ಜೋಗದ ಚಿತ್ರದ ಕೆಳಗೆ ಮುಳ್ಳಯ್ಯನಗಿರಿ, ಕೊಡಚಾದ್ರಿಯ ಚಿತ್ರದ ಕೆಳಗೆ ಊಟಿ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳ ಹೆಸರುಗಳನ್ನು ವ್ಯಾಪಾರದ ಬಳಕೆಯೇ ರೂಢಿಸಿದೆ, ಮತ್ತು ಕಡಿಮೆ ದರದ ಗೊರಬಲಿನ ಚೀಲಕ್ಕೆ ಹೆಚ್ಚು ದರದ ಸರಕು ಎಂದು ಹೆಸರು ಬರೆದವರನ್ನು ಹರಾಜಿನ ಕಟ್ಟೆಯಲ್ಲೇ ಹಿಡಿಯುತ್ತಾರೆ. ಹೆಸರು ತಪ್ಪಿದರೆ ದರ ತಪ್ಪುತ್ತದೆ, ಆದ್ದರಿಂದ ಹೆಸರು ನಿಲ್ಲುತ್ತದೆ. ಹ್ಯಾಶ್‌ಟ್ಯಾಗಿನಲ್ಲಿ ತಪ್ಪು ಹೆಸರಿಗೆ ದಂಡವಿಲ್ಲದಿರುವುದಷ್ಟೇ ಅಲ್ಲ, ಹೆಚ್ಚಿನ ನೋಟಗಳೆಂಬ ಲಾಭವೂ ಇದೆ. ಹಾಗಿರುವಾಗ ಪದವು ವಸ್ತುವಿನಿಂದ ಕಳಚಿಕೊಳ್ಳುವುದು ಆಶ್ಚರ್ಯವಲ್ಲ.

ಕನ್ನಡದಲ್ಲಿ ಟ್ಯಾಗ್ ಬರೆಯುವವರಿಗೆ ಇದರ ಮೇಲೆ ಇನ್ನೂ ಕೆಲವು ತೊಂದರೆಗಳಿವೆ. ಇವುಗಳ ಬಗ್ಗೆ ಬಿಡಿಸಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಶಿವಮೊಗ್ಗ ಎಂಬ ಪದವನ್ನೇ ತೆಗೆದುಕೊಳ್ಳಿ. ಓದುವ ಕಣ್ಣಿಗೆ ಅದು ಶಿ, ವ, ಮೊ, ಗ್ಗ ಎಂಬ ನಾಲ್ಕು ಅಕ್ಷರ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯ ಪ್ರಕಾರ ಗಣಕ ಅದನ್ನು ಎಂಟು ಸಂಕೇತಗಳಾಗಿ ಇಟ್ಟುಕೊಳ್ಳುತ್ತದೆ: ಶ, ಇಕಾರದ ಚಿಹ್ನೆ, ವ, ಮ, ಒಕಾರದ ಚಿಹ್ನೆ, ಗ, ಹಲಂತ, ಗ. ಇವುಗಳಲ್ಲಿ ಇಕಾರ, ಒಕಾರ, ಹಲಂತ ಈ ಮೂರನ್ನು ಯೂನಿಕೋಡ್ ಅಕ್ಷರಗಳೆಂದಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆಗಳೆಂದು ಗುರುತಿಸಿದೆ. ಹ್ಯಾಶ್‌ಟ್ಯಾಗನ್ನು ಗುರುತಿಸುವ ತಂತ್ರಾಂಶವನ್ನು ಬರೆದವರು ಅಕ್ಷರ ಮತ್ತು ಅಂಕಿ ಇರುವವರೆಗೆ ಟ್ಯಾಗ್, ಬೇರೇನಾದರೂ ಬಂದರೆ ಅಲ್ಲಿಗೆ ಮುಗಿಯಿತು ಎಂದು ಸೂತ್ರ ಕೊಟ್ಟಿದ್ದರೆ, ಶಿವಮೊಗ್ಗ ಎಂಬ ಟ್ಯಾಗ್ ಮೊದಲ ಶಕಾರಕ್ಕೇ ತುಂಡಾಗುತ್ತದೆ. ದೊಡ್ಡ ತಾಣಗಳು ಇದನ್ನು ಸರಿಪಡಿಸಿಕೊಂಡಿವೆ. ಸಣ್ಣ ತಾಣಗಳಲ್ಲಿ ಮತ್ತು ಸಂಸ್ಥೆಗಳ ಆಂತರಿಕ ತಂತ್ರಾಂಶಗಳಲ್ಲಿ ಈ ದೋಷ ಈಗಲೂ ಕಾಣಸಿಗುತ್ತದೆ. ಇದಲ್ಲದೆ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಮವನ್ನು ತಂತ್ರಾಂಶ ಅನುಸರಿಸದಿದ್ದರೆ ಅವು ಎರಡು ಬೇರೆ ಟ್ಯಾಗ್‌ಗಳು.

ಜೋಗ್‌ಫಾಲ್ಸ್ ಎಂದು ಬರೆಯುವಾಗ ಗಕಾರದ ಹಲಂತವನ್ನು ಮುಂದಿನ ಫಕಾರದೊಡನೆ ಬೆಸೆಯದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಹಾಕುತ್ತೇವೆ. ಕೆಲವು ಕೀಲಿಮಣೆಗಳಲ್ಲಿ ಅದು ತಾನಾಗಿಯೇ ಬರುತ್ತದೆ, ಕೆಲವುಗಳಲ್ಲಿ ಬರುವುದಿಲ್ಲ, ಆಗ ಅದು ಜೋಗ್ಫಾಲ್ಸ್ ಆಗುತ್ತದೆ. ಗಣಕಕ್ಕೆ ಈ ಎರಡು ಬೇರೆ ಪದಗಳು. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಸಿದ್ಧವಾದ ಕಡತಗಳ ಪಾಡಂತೂ ಹೇಳುವುದೇ ಬೇಡ. ಅವು ಮನುಷ್ಯರಿಗೆ ಕನ್ನಡ, ಗಣಕಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು.

ಇವೆಲ್ಲ ತಂತ್ರಜ್ಞರು ಸರಿಪಡಿಸಬಹುದಾದ ತೊಂದರೆಗಳು. ನುಡಿಯ ಸ್ವಭಾವದಿಂದಲೇ ಬರುವ ತೊಂದರೆ ವಿಭಕ್ತಿಯದು. ಇಂಗ್ಲಿಷಿನವರು ವಾಕ್ಯದ ನಡುವೆಯೇ ಪದಕ್ಕೆ # ಹಾಕಿ ಮುಂದೆ ಹೋಗುತ್ತಾರೆ, ಪದದ ರೂಪ ಬಹುಮಟ್ಟಿಗೆ ಬದಲಾಗುವುದಿಲ್ಲ. ನಾವು ಹಾಗೆ ಮಾಡಿದರೆ #ಮಲೆನಾಡಿನ, #ಮಲೆನಾಡಿಗೆ, #ಮಲೆನಾಡಲ್ಲಿ, #ಮಲೆನಾಡೆಂದರೆ ಎಂದು ಒಂದೇ ಹೆಸರು ನಾಲ್ಕು ರಾಶಿಗಳಾಗಿ ಚದುರುತ್ತದೆ. ಅದರ ಮೇಲೆ ಮಲ್ನಾಡು, ಮಲ್ನಾಡ್, ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೆರಡು ಮೂರು ಕಾಗುಣಿತ. 2014ರ ನವೆಂಬರ್ 1ರಂದು ಶಿವಮೊಗ್ಗದ ಇಂಗ್ಲಿಷ್ ಕಾಗುಣಿತವೂ ಅಧಿಕೃತವಾಗಿ ಬದಲಾದ ಮೇಲೆ ಅದಕ್ಕೆ ಹಿಂದಿನ ಚಿತ್ರಗಳು ಹಳೆಯ ಕಾಗುಣಿತದಲ್ಲಿ, ನಂತರದವು ಕೆಲವು ಹಳೆಯದರಲ್ಲಿ, ಕೆಲವು ಹೊಸದರಲ್ಲಿ. ಆದ್ದರಿಂದ ನಾನು ಪರಿಚಿತರಿಗೆಲ್ಲ ಹೇಳುವುದು ಇಷ್ಟು: ವಾಕ್ಯದ ಒಳಗೆ # ಹಾಕಬೇಡಿ, ಬರಹ ಮುಗಿದ ಮೇಲೆ ಕೊನೆಯಲ್ಲಿ, ಪದವನ್ನು ಪ್ರಥಮಾ ವಿಭಕ್ತಿಯಲ್ಲಿ, ಪ್ರತ್ಯಯವಿಲ್ಲದೆ ಬರೆಯಿರಿ, ಜೊತೆಗೆ ಇಂಗ್ಲಿಷ್ ಅಕ್ಷರದ ರೂಪವನ್ನೂ ಬರೆಯಿರಿ.

ಜನರ ಪದಗಳನ್ನು ತಿದ್ದದೆ ಹೊಂದಿಸುವ ದಾರಿ ಉಂಟೇ ಎಂದು ಕೇಳಿದರೆ, ಉಂಟು, ಅದನ್ನು ಕೆಲವು ತಾಣಗಳು ಮಾಡಿ ತೋರಿಸಿವೆ. ಪುಸ್ತಕಪ್ರಿಯರ ತಾಣವಾದ ಲೈಬ್ರರಿಥಿಂಗ್‌ನಲ್ಲಿ ಸದಸ್ಯರೇ ಸಮಾನಾರ್ಥಕ ಟ್ಯಾಗ್‌ಗಳನ್ನು ಒಂದುಗೂಡಿಸಬಹುದು. ಆರ್ಕೈವ್ ಆಫ್ ಅವರ್ ಓನ್ ಎಂಬ ಕಥಾಭಂಡಾರದಲ್ಲಿ ಸ್ವಯಂಸೇವಕರ ಒಂದು ದೊಡ್ಡ ಪಡೆಯೇ ಈ ಕೆಲಸಕ್ಕಿದೆ: ಬರೆದವರು ತಮ್ಮ ಕಥೆಗೆ ಕೊಟ್ಟ ಟ್ಯಾಗ್ ಹಾಗೆಯೇ ಉಳಿಯುತ್ತದೆ, ಹಿಂಬದಿಯಲ್ಲಿ ಅದನ್ನು ಒಂದು ಮುಖ್ಯ ಟ್ಯಾಗಿಗೆ ಕೊಂಡಿ ಹಾಕುತ್ತಾರೆ, ಯಾವುದನ್ನು ಹುಡುಕಿದರೂ ಎಲ್ಲವೂ ಸಿಗುತ್ತವೆ. ಬಳಕೆದಾರರ ಸ್ವಾತಂತ್ರ್ಯ, ಗ್ರಂಥಪಾಲಕರ ಶಿಸ್ತು ಎರಡೂ ಇಲ್ಲಿ ಒಂದನ್ನೊಂದು ಕೆಡಿಸದೆ ನಿಂತಿವೆ. ನಾನು ಕಂಡ ಏರ್ಪಾಡುಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಐನ್ಯಾಚುರಲಿಸ್ಟ್ ಎಂಬ ಜೀವಿವೈವಿಧ್ಯದ ತಾಣ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಒಂದು ಚಿತ್ರಕ್ಕೆ ಹಲವರು ಹೆಸರು ಸೂಚಿಸಬಹುದು. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಪ್ಪಿದ ಗುರುತಿಸುವಿಕೆಗೆ ಹೆಚ್ಚಿನ ಮಾನ್ಯತೆ ಸಿಗುತ್ತದೆ. ಅಳಿವಿನ ಅಂಚಿನಲ್ಲಿರುವ ಜೀವಿಯಾದರೆ ಚಿತ್ರ ತೆಗೆದ ಸ್ಥಳವನ್ನು ಅದು ಅಕ್ಷಾಂಶ ರೇಖಾಂಶಗಳ 0.2 ಡಿಗ್ರಿ ಚೌಕದೊಳಗೆ ಮಸುಕುಗೊಳಿಸಿ ತೋರಿಸುತ್ತದೆ. ಶರಾವತಿ ಕಣಿವೆಯ ಸಿಂಗಳೀಕವನ್ನೋ ರಾಮಪತ್ರೆ ಜಡ್ಡಿಯನ್ನೋ ಚಿತ್ರ ತೆಗೆದು ಸ್ಥಳದ ಟ್ಯಾಗ್ ಸಮೇತ ಹಾಕುವವರು ಇದನ್ನು ಗಮನಿಸಬೇಕು. ಹುಡುಕಿದರೆ ಸಿಗಬೇಕಾದದ್ದು ಎಲ್ಲವೂ ಅಲ್ಲ.

ತಾಣಗಳ ಆಯುಸ್ಸಿನ ಮಾತನ್ನೂ ಆಡಬೇಕು. ಡೆಲಿಶಿಯಸ್ಸನ್ನು 2005ರಲ್ಲಿ ಯಾಹೂ ಕೊಂಡಿತು, 2011ರಲ್ಲಿ ಮಾರಿತು, ಕೈಯಿಂದ ಕೈಗೆ ದಾಟಿ 2017ರಲ್ಲಿ ಅದು ಹೊಸದಾಗಿ ಏನನ್ನೂ ಸೇರಿಸಲಾಗದ ಸ್ಥಿತಿಗೆ ಬಂತು. ಅಷ್ಟು ಜನ ಅಷ್ಟು ವರ್ಷ ಮಾಡಿದ ವಿಂಗಡಣೆ ಒಂದು ಕಂಪನಿಯ ಲೆಕ್ಕಾಚಾರದ ಮೇಲೆ ನಿಂತಿತ್ತು. ಮಲೆನಾಡಿನ ಬಗ್ಗೆ ಗಂಭೀರವಾಗಿ ಸಂಗ್ರಹ ಮಾಡುವವರು ತಮ್ಮ ಚಿತ್ರ ಮತ್ತು ಟ್ಯಾಗ್‌ಗಳ ಒಂದು ಪ್ರತಿಯನ್ನು ತಮ್ಮ ಬಳಿಯೂ ಇಟ್ಟುಕೊಳ್ಳಲಿ.

ಹಳೆಯ ಸಂಗ್ರಹಗಳಿಗೆ ಜನರ ಟ್ಯಾಗ್ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2008ರ ಜನವರಿಯಲ್ಲಿ ಮಾಡಿದ ಪ್ರಯೋಗ ನನಗೆ ಮಾದರಿ. ತನ್ನ ಸಂಗ್ರಹದ ಮೂರು ಸಾವಿರಕ್ಕೂ ಹೆಚ್ಚು ಹಳೆಯ ಛಾಯಾಚಿತ್ರಗಳನ್ನು ಅದು ಫ್ಲಿಕರ್‌ಗೆ ಹಾಕಿ, ಯಾರು ಬೇಕಾದರೂ ಟ್ಯಾಗ್ ಬರೆಯಿರಿ ಎಂದಿತು. ಆ ವರ್ಷದ ಅಕ್ಟೋಬರ್ ಹೊತ್ತಿಗೆ ಸುಮಾರು ಎರಡೂವರೆ ಸಾವಿರ ಖಾತೆಗಳಿಂದ 67 ಸಾವಿರಕ್ಕೂ ಹೆಚ್ಚು ಟ್ಯಾಗ್‌ಗಳು ಬಂದವು. ಜನ ಚಿತ್ರದಲ್ಲಿದ್ದ ಜಾಗಗಳನ್ನೂ ವ್ಯಕ್ತಿಗಳನ್ನೂ ಗುರುತಿಸಿದರು, ಗ್ರಂಥಾಲಯ ಆ ಮಾಹಿತಿಯನ್ನು ಪರಿಶೀಲಿಸಿ ತನ್ನ ದಾಖಲೆಗಳನ್ನು ತಿದ್ದಿಕೊಂಡಿತು. ನಮ್ಮ ಮನೆಗಳ ಅಟ್ಟದಲ್ಲಿ, ಹಳೆಯ ಸ್ಟುಡಿಯೊಗಳಲ್ಲಿ ಮುಳುಗಡೆಗೆ ಮುಂಚಿನ ಶರಾವತಿ ಕಣಿವೆಯ ಚಿತ್ರಗಳಿವೆ. ಅವುಗಳಲ್ಲಿರುವ ಮನೆ ಯಾರದು, ಕೆರೆ ಯಾವ ಊರಿನದು ಎಂದು ಹೇಳಬಲ್ಲವರಿಗೆ ಈಗ ಎಂಬತ್ತರ ಆಚೆ ಈಚೆ ವಯಸ್ಸು. ಸಾಗರ, ಹೊಸನಗರದ ಯುವಕರು ತಮ್ಮ ಅಜ್ಜ ಅಜ್ಜಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚಿತ್ರಗಳಿಗೆ ಹೆಸರು ಬರೆಯಬೇಕೆಂಬುದು ನನ್ನ ಬಹುಕಾಲದ ಹಂಬಲ. ಇದಕ್ಕೆ ಅನುದಾನ ಬೇಡ, ಸಮಿತಿ ಬೇಡ; ಬೇಕಾದದ್ದು ಬಿಡುವಿನ ಒಂದು ಮಧ್ಯಾಹ್ನ.

ನಮ್ಮ ಕಾಲೇಜಿನಲ್ಲಿ ನಾವು ಬಳಸುವ ಕೋಹಾ ಎಂಬ ಮುಕ್ತ ತಂತ್ರಾಂಶದಲ್ಲಿ ಓದುಗರು ಪುಸ್ತಕಕ್ಕೆ ಟ್ಯಾಗ್ ಬರೆಯುವ ಸೌಲಭ್ಯವಿದೆ. ಗ್ರಂಥಪಾಲಕರು ಒಪ್ಪಿದ ಮೇಲೆಯೇ ಅದು ಎಲ್ಲರಿಗೂ ಕಾಣುವಂತೆ ಮಾಡಬಹುದು, ನಾವು ಹಾಗೆಯೇ ಮಾಡಿದ್ದೇವೆ. ಒಪ್ಪುವಾಗ ಕಾಗುಣಿತ ತಪ್ಪಿದ್ದರೂ ಬೈಗುಳವಲ್ಲದಿದ್ದರೆ ಬಿಡುತ್ತೇನೆ. ವರ್ಗೀಕರಣ ಸಂಖ್ಯೆಗೆ ಹೊಂದದ ಪದವಾದರೂ ಬಿಡುತ್ತೇನೆ, ಏಕೆಂದರೆ ಸಂಖ್ಯೆ ಅದರ ಜಾಗದಲ್ಲಿ ಇದ್ದೇ ಇದೆ. ಹೆಚ್ಚು ಯೋಚಿಸಬೇಕಾಗಿ ಬಂದದ್ದು "ಮೂರನೇ ಸೆಮಿಸ್ಟರ್" ಎಂಬ ಟ್ಯಾಗಿನ ಬಗ್ಗೆ. ವಿದ್ಯಾರ್ಥಿಗಳು ಅತಿ ಹೆಚ್ಚು ಒತ್ತುವ ಟ್ಯಾಗ್ ಅದು. ಆದರೆ ಪಠ್ಯಕ್ರಮ ಬದಲಾದಾಗ ಆ ಪುಸ್ತಕ ನಾಲ್ಕನೆಯದಕ್ಕೋ ಐದನೆಯದಕ್ಕೋ ಹೋಗುತ್ತದೆ, ಟ್ಯಾಗ್ ಮಾತ್ರ ಹಾಗೆಯೇ ಉಳಿಯುತ್ತದೆ. ಅಳಿಸಿಬಿಡೋಣ ಎಂಬ ಸಲಹೆ ಬಂದಾಗ ನಾನು ಒಪ್ಪಲಿಲ್ಲ. ಹಳೆಯ ಪಠ್ಯಕ್ರಮದಲ್ಲಿ ವಿಷಯ ಉಳಿಸಿಕೊಂಡು ಮರುಪರೀಕ್ಷೆಗೆ ಓದುವ ಹುಡುಗರು ಈಗಲೂ ಅದೇ ಟ್ಯಾಗಿನಿಂದ ಬರುತ್ತಾರೆ. ಹಾಗಾಗಿ ಹಳೆಯವನ್ನು ಇದ್ದಂತೆ ಬಿಟ್ಟು, ಹೊಸದಾಗಿ ಬರೆಯುವವರು ಸೆಮಿಸ್ಟರ್ ಜೊತೆಗೆ ಶೈಕ್ಷಣಿಕ ವರ್ಷವನ್ನೂ ಬರೆಯಬೇಕೆಂದು ಹುಡುಕಾಟದ ಗಣಕದ ಪಕ್ಕದಲ್ಲಿ ಸೂಚನೆ ಅಂಟಿಸಿದ್ದೇವೆ, ಹೆಚ್ಚಿನವರು ಬರೆಯುತ್ತಿದ್ದಾರೆ.